ಕಲ್ಕುಡನ ಕೈ

ಅರಸರ ಹೆಸರು ಶಾಸನದಲ್ಲಿ ನಿಲ್ಲುತ್ತದೆ. ಕಸುಬಿನವನ ಹೆಸರು ನಿಲ್ಲುವುದಾದರೆ ಜನರ ನಾಲಗೆಯಲ್ಲಿಯೇ ನಿಲ್ಲಬೇಕು. ತುಳುನಾಡಿನಲ್ಲಿ ಹಾಗೆ ನಿಂತ ಹೆಸರು ಕಲ್ಕುಡನದು. ಬೆಳ್ತಂಗಡಿಯ ಪೇಟೆಗೆ ತಾಗಿಕೊಂಡಿರುವ ನಮ್ಮ ಲಾಯಿಲದಿಂದ ಹಿಡಿದು ಬಂಟ್ವಾಳ, ಮೂಡಬಿದಿರೆಗಳವರೆಗೂ ಆ ಕಲ್ಕುಟಿಗನ ಮತ್ತು ಅವನ ಸೋದರಿ ಕಲ್ಲುರ್ಟಿಯ ಕಥೆಯನ್ನು ಅರಿಯದ ಹಳೆಯ ಮನೆತನಗಳು ವಿರಳವೆಂದೇ ಹೇಳಬೇಕು.

ಪಾಡ್ದನಗಳಲ್ಲಿ ಪಾಠಭೇದಗಳುಂಟು, ಕಥೆಯ ಸಾರವು ಮಾತ್ರ ಹೀಗಿದೆ. ಶಂಭು ಕಲ್ಕುಡನು ಬಸುರಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಬೆಳ್ಗೊಳಕ್ಕೆ ಕಲ್ಲುಕೆಲಸಕ್ಕೆ ಹೋದನು. ಆಮೇಲೆ ಹುಟ್ಟಿದ ಮಗನು ಬೆಳೆದು, ತಂದೆಯನ್ನು ಅರಸುತ್ತ ಅಲ್ಲಿಗೆ ಹೋಗಿ, ತಂದೆ ಕೆತ್ತಿದ ಮೂರ್ತಿಯೊಂದರಲ್ಲಿ ದೋಷವನ್ನು ತೋರಿಸಿದನು. ಆ ಅಪಮಾನವನ್ನು ತಾಳಲಾರದೆ ತಂದೆಯು ಪ್ರಾಣವನ್ನೇ ನೀಗಿದನು. ಮಗನಾದ ಬೀರ ಕಲ್ಕುಡನು ಮುಂದೆ ಕಾರ್ಕಳದ ಗೊಮ್ಮಟನನ್ನು ಕಡೆದನು. ಇಂತಹ ಮೂರ್ತಿ ಇನ್ನೊಂದೆಡೆ ಆಗಕೂಡದೆಂದು ಅಲ್ಲಿಯ ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ! ಉಳಿದ ಒಂದೇ ಕೈಯಿಂದ ಅವನು ವೇಣೂರಿನಲ್ಲಿ ಮತ್ತೊಬ್ಬ ಗೊಮ್ಮಟನನ್ನು ನಿಲ್ಲಿಸಿದನು. ಅವನ ದುರವಸ್ಥೆಯನ್ನು ಕಂಡ ಸೋದರಿಯು ಉರಿದೆದ್ದು ಅರಸನ ಮೇಲೆ ಸೇಡು ತೀರಿಸಿದಳು. ಇಬ್ಬರೂ ದೈವಗಳಾದರು. ಬಂಟ್ವಾಳದ ಬಳಿಯ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಇಂದಿಗೂ ಅಗೆಲು ಸೇವೆಯು ನಡೆಯುತ್ತದೆ.

ಚರಿತ್ರೆಯು ಈ ಕಥೆಯನ್ನು ಒಪ್ಪದು. ಕಾರ್ಕಳದ ಮೂರ್ತಿಯನ್ನು ವೀರಪಾಂಡ್ಯನು 1432ರಲ್ಲಿಯೂ ವೇಣೂರಿನದನ್ನು ತಿಮ್ಮಣ್ಣ ಅಜಿಲನು 1604ರಲ್ಲಿಯೂ ನಿಲ್ಲಿಸಿದರು. ನಡುವೆ 172 ವರ್ಷಗಳು. ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಿದ್ದಾನು ಹೇಗೆ? ಆದರೂ ಈ ಕಥೆಯನ್ನು ಸುಳ್ಳೆಂದು ತಳ್ಳಲು ನಮಗೆ ಮನಸ್ಸು ಬಾರದು. ದುಡಿದ ಕೈಗೆ ಆದ ಅನ್ಯಾಯವನ್ನು ಜನರು ಮರೆಯಲಿಲ್ಲವೆಂಬ ಸತ್ಯವು ಅದರಲ್ಲಿದೆ.

ನಮ್ಮ ಬಾಲ್ಯದಲ್ಲಿ ಅಡುಗೆಮನೆಯ ಕಡೆಯುವ ಕಲ್ಲು ಸವೆದು ನುಣುಪಾದಾಗ ಕಲ್ಲು ಕುಟ್ಟುವವನು ಮನೆಬಾಗಿಲಿಗೆ ಬರುತ್ತಿದ್ದನು. ಅವನು ಅಂಗಳದಲ್ಲಿ ಕುಳಿತು ಉಳಿಯಿಂದ ಸಣ್ಣ ಸಣ್ಣ ಪೆಟ್ಟು ಹಾಕುತ್ತಿದ್ದರೆ, ಅಜ್ಜಿಯವರು ಮೊದಲು ಬೆಲ್ಲ ನೀರು ಕೊಟ್ಟು, ಹೆಂಡತಿ ಮಕ್ಕಳ ಕ್ಷೇಮವನ್ನು ವಿಚಾರಿಸಿ, ಆಮೇಲೆಯೇ ಕೂಲಿಯ ಮಾತನ್ನೆತ್ತುತ್ತಿದ್ದರು. “ಕಲ್ಕುಡನ ಕಸುಬು, ಮಕ್ಕಳೇ, ಅವನ ಮನಸ್ಸನ್ನು ನೋಯಿಸಬಾರದು” ಎಂಬುದು ಅವರ ಮಾತು. ಕಥೆಯು ನಮಗೆ ಕೊಟ್ಟ ಶಿಕ್ಷಣವು ಇದೇ.

ಇಷ್ಟನ್ನು ಹೇಳಲು ಕಾರಣರಾದವರು ಕಾರ್ಕಳದ ರೆಂಜಾಳ ಗೋಪಾಲ ಶೆಣೈಯವರು. ಶೆಣೈ ಎಂಬ ಕುಲನಾಮವನ್ನು ಕೇಳಿದರೆ ನಮ್ಮ ಸೀಮೆಯವರಿಗೆ ಅಂಗಡಿ, ಲೆಕ್ಕಪತ್ರಗಳು ನೆನಪಾಗುವುದು ಸಹಜ. ಇವರಾದರೋ ಉಳಿಯನ್ನು ಹಿಡಿದವರು. ಎಪ್ಪತ್ತರ ಆಸುಪಾಸಿನಲ್ಲಿದ್ದಾಗ, 1967ರಲ್ಲಿ, ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರ ಅಪೇಕ್ಷೆಯಂತೆ ಕಾರ್ಕಳದಲ್ಲಿ 39 ಅಡಿಯ ಬಾಹುಬಲಿಯ ಕೆಲಸಕ್ಕೆ ಕೈಹಾಕಿದರು. ಮರುವರ್ಷವೇ ಹೆಗ್ಗಡೆಯವರು ತೀರಿಕೊಂಡರು. ಕೆಲಸವು ನಿಲ್ಲಲಿಲ್ಲ, ಪುತ್ರರಾದ ವೀರೇಂದ್ರ ಹೆಗ್ಗಡೆಯವರು, ತಾಯಿ ರತ್ನಮ್ಮನವರ ಆಶಯಕ್ಕನುಗುಣವಾಗಿ, ತಂದೆಯ ಸಂಕಲ್ಪವನ್ನು ಮುಂದುವರಿಸಿದರು. ವೃದ್ಧಶಿಲ್ಪಿಯೂ ಅವರ ಸಂಗಡಿಗರೂ ವರ್ಷಗಟ್ಟಲೆ ಬಂಡೆಯೊಡನೆ ಸೆಣಸಿದರು. 1973ರಲ್ಲಿ ಆ ಏಕಶಿಲಾಮೂರ್ತಿಯನ್ನು ಅನೇಕ ಗಾಲಿಗಳ ಮಹಾವಾಹನದ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು. 1982ರಲ್ಲಿ ಪ್ರತಿಷ್ಠೆಯು ನೆರವೇರಿತು. ಆ ಮಂಗಲವನ್ನು ನೋಡಲು ಶಿಲ್ಪಿಯು ಬದುಕಿದ್ದರು. 1985ರಲ್ಲಿ ತುಂಬು ವಯಸ್ಸಿನಲ್ಲಿ ಕಾಲವಾದರು.

ಎರಡು ಕಥೆಗಳನ್ನು ಜತೆಗಿಟ್ಟು ನೋಡೋಣ. ಒಂದರಲ್ಲಿ ಮಗನ ಮಾತಿನಿಂದ ತಂದೆಯ ಪ್ರಾಣ ಹೋಯಿತು. ಇನ್ನೊಂದರಲ್ಲಿ ತಂದೆ ಅರ್ಧಕ್ಕೆ ಬಿಟ್ಟುದನ್ನು ಮಗನು ಪೂರೈಸಿದನು. ಒಂದರಲ್ಲಿ ಕೆಲಸ ಮುಗಿದೊಡನೆ ಕೈಯನ್ನು ಕಡಿದರು. ಇನ್ನೊಂದರಲ್ಲಿ ಆ ಕೈಯನ್ನು ಗೌರವಿಸಿದರು. ಮಾಡಿಸಿದವರ ಹೆಸರಿನೊಡನೆ ಮಾಡಿದವನ ಹೆಸರನ್ನೂ ಈಗ ನಮ್ಮ ಮಕ್ಕಳು ಬಲ್ಲರು. ತುಳುನಾಡು ಕಲ್ಕುಡನಿಗೆ ತೀರಿಸಬೇಕಾಗಿದ್ದ ಋಣದಲ್ಲಿ ಒಂದಂಶವಾದರೂ ಇದರಿಂದ ಸಂದಿತೆಂದು ನಾವು ಭಾವಿಸುತ್ತೇವೆ.

ಗೃಹಸ್ಥರಾದ ನಮಗೆ ಗೊಮ್ಮಟನನ್ನು ನಿಲ್ಲಿಸುವ ಭಾಗ್ಯವಿಲ್ಲದಿರಬಹುದು. ಆದರೆ ಮಾಡು ಹೊದೆಸುವವನು, ಬಾವಿ ತೋಡುವವನು, ಬಾಗಿಲು ಕೂರಿಸುವ ಬಡಗಿ ಇವರೆಲ್ಲ ನಮ್ಮ ಅಂಗಳಕ್ಕೆ ಬರುವವರೇ. ಅವರವರ ಮನೆಯಲ್ಲಿಯೂ ಸಂಜೆಗೆ ದಾರಿ ಕಾಯುವ ಮಕ್ಕಳಿರುತ್ತಾರೆ. ಆಡಿದ ಕೂಲಿಯನ್ನು ಅಂದೇ ಕೊಟ್ಟು, ಕೆಲಸವು ಚೆನ್ನಾಗಿದ್ದರೆ ಚೆನ್ನಾಗಿದೆಯೆಂದು ಬಾಯ್ತುಂಬ ಹೇಳಿ ಕಳುಹಿಸೋಣ. ಸತ್ತ ಮೇಲೆ ದೈವವೆಂದು ಕೈಮುಗಿಯುವುದಕ್ಕಿಂತ, ಬದುಕಿರುವಾಗಲೇ ಆ ಕೈಯ ಬೆಲೆಯನ್ನು ಅರಿಯುವುದು ಲೇಸು.