ಪೊಲೀಸ್ ಜೀಪು ಕಂಡಾಗ ಮಾತ್ರವೇ?

ನೆರೂಳಿನಿಂದ ವಾಶಿಗೆ ಹೋಗಲು ಪಾಮ್ ಬೀಚ್ ರಸ್ತೆಗಿಂತ ಚೆಂದದ ದಾರಿ ಇನ್ನೊಂದಿಲ್ಲ. ವಾಶಿಯಿಂದ ಬೇಲಾಪುರದವರೆಗೆ ಸುಮಾರು 10 ಕಿಲೋಮೀಟರ್. ಒಂದು ಬದಿಗೆ ಖಾಡಿಯ ಕಾಂಡ್ಲಾ ಗಿಡಗಳು, ಇನ್ನೊಂದು ಬದಿಗೆ ಎತ್ತರದ ಕಟ್ಟಡಗಳು. ವೇಗದ ಮಿತಿ ಗಂಟೆಗೆ 60 ಕಿ.ಮೀ. ಆದರೆ ಅಗಲವಾದ ರಸ್ತೆ ಕಂಡೊಡನೆ ಯಾರಿಗೆ ಫಲಕ ನೆನಪಿರುತ್ತದೆ?

ಕಳೆದ ತಿಂಗಳು ನನಗೂ ನೆನಪಿರಲಿಲ್ಲ. ಪಕ್ಕದಲ್ಲಿ ಹೊಸದಾಗಿ ಲೈಸೆನ್ಸ್ ಪಡೆದ ಮಗ ಕುಳಿತಿದ್ದ. ದೂರದಲ್ಲಿ ಪೊಲೀಸ್ ಜೀಪು ಕಂಡಿತು. ಮುಂದಿನ ಕಾರುಗಳ ಕೆಂಪು ದೀಪಗಳು ಒಟ್ಟಿಗೇ ಹೊತ್ತಿಕೊಂಡವು. ನಾನೂ ಬ್ರೇಕ್ ಒತ್ತಿದೆ. ಹಿಂದಿನ ಕಾರು ಕಿರ್ರೆಂದು ಸದ್ದು ಮಾಡುತ್ತ ಬಂದು, ನಮಗೆ ತಾಗಲು ಗೇಣುದ್ದ ಉಳಿದಿರುವಾಗ ನಿಂತಿತು. ಜೀಪು ಮರೆಯಾದದ್ದೇ ತಡ, ಎಲ್ಲರೂ ಮತ್ತೆ ಓಡಿದೆವು. ಮಗ ಕೇಳಿದ: "ಅಪ್ಪ, 60ರ ನಿಯಮ ಆ ಜೀಪಿನ ಸುತ್ತ ಮಾತ್ರವಾ?"

ಉತ್ತರ ಹೊಳೆಯದೆ ಮನೆಗೆ ಬಂದು ಲೆಕ್ಕ ಹಾಕಿದೆ. 10 ಕಿಲೋಮೀಟರ್ ದಾರಿಗೆ 60ರ ವೇಗದಲ್ಲಿ 10 ನಿಮಿಷ ಬೇಕು. 90ರಲ್ಲಿ 6 ನಿಮಿಷ 40 ಸೆಕೆಂಡು. ಉಳಿತಾಯ ಮೂರು ಚಿಲ್ಲರೆ ನಿಮಿಷ. ಅದನ್ನೂ ಸಿಗ್ನಲ್ ನುಂಗುತ್ತದೆ. ಆದರೆ ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ಎರಡೂಕಾಲು ಪಟ್ಟು ಆಗುತ್ತದೆ.

ಊರಿನ ದಾರಿಯಲ್ಲೂ ಇದೇ ಕಥೆ. ಪುಣೆಯ ಮೇಲಿಂದ ಹುಬ್ಬಳ್ಳಿಗೆ ಹೊರಟರೆ ಕಳಂಬೋಲಿಯಲ್ಲಿ ಎಕ್ಸ್‌ಪ್ರೆಸ್‌ವೇ ಹಿಡಿಯುತ್ತೇವೆ. ಅಲ್ಲಿ 2024ರಿಂದ ಕ್ಯಾಮೆರಾಗಳಿವೆ. ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗವನ್ನೂ ಅವು ಲೆಕ್ಕ ಹಾಕುತ್ತವೆ. ಒಂದು ಕಡೆ ಬ್ರೇಕ್ ಒತ್ತಿ ತಪ್ಪಿಸಿಕೊಳ್ಳುವ ಜಾಣತನ ಅಲ್ಲಿ ನಡೆಯದು. ಮಂಗಳೂರಿನ ಕಡೆಯವರು ಪನವೇಲಿನಿಂದ ಹೆದ್ದಾರಿ 66 ಹಿಡಿಯುತ್ತಾರೆ. ಅಲ್ಲಿ ಮುಂದೆ ಪೊಲೀಸರಿದ್ದರೆ ಎದುರಿನಿಂದ ಬರುವವರು ಹೆಡ್‌ಲೈಟ್ ಮಿಣುಕಿಸಿ ತಿಳಿಸುತ್ತಾರೆ. ಮಾಣಗಾಂವ್ ಪೇಟೆಯಲ್ಲಿ ರಸ್ತೆ ದಾಟಲು ನಿಂತ ಮಗುವಿಗಾಗಿ ಯಾರಾದರೂ ಹಾಗೆ ದೀಪ ಮಿಣುಕಿಸಿದ್ದನ್ನು ನಾನಂತೂ ಕಂಡಿಲ್ಲ.

ಮರುವಾರ ಅದೇ ರಸ್ತೆಯಲ್ಲಿ ಸ್ಟಿಯರಿಂಗ್ ಮಗನ ಕೈಗೆ ಕೊಟ್ಟೆ. ಹಿಂದಿನವರು ಹಾರ್ನ್ ಬಾರಿಸಿದರೂ ಅವನು 60 ದಾಟಲಿಲ್ಲ. ಅಂದು ಜೀಪು ಇರಲಿಲ್ಲ.

ಯುವ ಮಿತ್ರರೇ, ನಮ್ಮಿಂದ ಕನ್ನಡ ಕಲಿಯಿರಿ, ಹಬ್ಬದ ಅಡುಗೆ ಕಲಿಯಿರಿ. ಜೀಪು ಕಂಡಾಗ ಮಾತ್ರ ಬ್ರೇಕ್ ಒತ್ತುವ ಈ ವಿದ್ಯೆಯೊಂದನ್ನು ನಮ್ಮ ತಲೆಮಾರಿಗೇ ಬಿಟ್ಟುಬಿಡಿ.