ಪಕ್ಷಿವಿಶೇಷ

ಪ್ರಾಚೀನ ಕಾವ್ಯಗಳ ಟೀಕೆಗಳನ್ನು ಓದಿದವರಿಗೆ ‘ಪಕ್ಷಿವಿಶೇಷ’ ಎಂಬ ಮಾತು ಚಿರಪರಿಚಿತವಾದುದು. ಮೂಲದಲ್ಲಿ ಟಿಟ್ಟಿಭವಿರಲಿ, ಕಾರಂಡವವಿರಲಿ, ಖಂಜನವಿರಲಿ, ಟೀಕಾಕಾರನು ‘ಒಂದು ಪಕ್ಷಿವಿಶೇಷ’ವೆಂದು ಬರೆದು ಮುಂದಿನ ಪದಕ್ಕೆ ದಾಟಿಬಿಡುತ್ತಾನೆ. ಓದುಗನು ಆ ಹಕ್ಕಿಯನ್ನು ಕಂಡೇ ಇರುತ್ತಾನೆಂಬ ಭರವಸೆ ಅವನಿಗಿದ್ದಿರಬಹುದು. ಇಂದು ತರಗತಿಯಲ್ಲಿ ಕುಳಿತ ಬಾಲಕನಿಗಾದರೋ ಆ ಅರ್ಥದಿಂದ ದೊರೆಯುವುದು ಏನೂ ಇಲ್ಲ.

ಕಳೆದ ಪುಷ್ಯಮಾಸದ ಒಂದು ಭಾನುವಾರ ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕರು ಹನ್ನೆರಡು ಮಂದಿ ವಿದ್ಯಾರ್ಥಿಗಳನ್ನು ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹಕ್ಕಿ ನೋಡಲು ಕರೆದೊಯ್ದರು. ನಾನೂ ಜೊತೆಗೂಡಿದೆನು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಬೇಸಾಯಕ್ಕೆಂದು ಕಟ್ಟಿಸಿದ ಈ ಕೆರೆ ಈಗ ನಗರದ ನಡುವೆಯೇ ಇದೆ. ಪಕ್ಕದಲ್ಲಿ ಮಾನಸಗಂಗೋತ್ರಿ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದುದು ಇಲ್ಲಿಗೇ.

ಮಂಜು ಇನ್ನೂ ಕರಗಿರಲಿಲ್ಲ. ಮರಗಳ ಮೇಲೆ ಹೆಜ್ಜಾರ್ಲೆಗಳು ಮೂಟೆಗಳಂತೆ ಕುಳಿತಿದ್ದುವು. ನೀರಿನಲ್ಲಿ ನಾಮದ ಕೋಳಿಗಳು. ಮೈಯೆಲ್ಲ ಕಪ್ಪು, ಹಣೆಯಲ್ಲಿ ಮಾತ್ರ ಬಿಳಿಯ ನಾಮ. ಆ ಹೆಸರಿಟ್ಟ ಪುಣ್ಯಾತ್ಮನು ನಿಘಂಟನ್ನು ತೆರೆದವನಲ್ಲ. ಆದರೂ ಟೀಕಾಕಾರರಿಗಿಂತ ಸ್ಪಷ್ಟವಾಗಿ ಅರ್ಥ ಹೇಳಿದ್ದಾನೆ. ಹಾವಕ್ಕಿಯೂ ಹಾಗೆಯೇ: ಮೈ ನೀರಿನೊಳಗೆ, ಹಾವಿನಂತಹ ಕೊರಳು ಮಾತ್ರ ಮೇಲೆ. ಅಷ್ಟರಲ್ಲಿ ಟಿಟ್ಟಿಭವೊಂದು ತನ್ನ ಹೆಸರನ್ನು ತಾನೇ ಕೂಗುತ್ತ ತಲೆಯ ಮೇಲೆ ಹಾರಿತು. ಗೂಡಿಲ್ಲದೆ ಬಯಲು ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಯಿದು. ಪಂಚತಂತ್ರದಲ್ಲಿ ಸಮುದ್ರವು ಅಪಹರಿಸಿದ್ದು ಇದರ ಮೊಟ್ಟೆಗಳನ್ನೇ ಎಂದಾಗ ಹುಡುಗರು ಹಿಂದಿರುಗಿ ಮತ್ತೊಮ್ಮೆ ನೋಡಿದರು.

ದಡದ ಒದ್ದೆಗಲ್ಲುಗಳ ಮೇಲೆ ಬೆನ್ನು ಬೂದು, ಹೊಟ್ಟೆ ಹಳದಿಯಾದ ಪುಟ್ಟ ಹಕ್ಕಿಯೊಂದು ಓಡಾಡುತ್ತಿತ್ತು. “ಬೂದು ಸಿಪಿಲೆ. ಬೇಸಗೆಯಲ್ಲಿ ಹಿಮಾಲಯದ ತೊರೆಗಳ ಬಳಿ ಗೂಡು ಕಟ್ಟುತ್ತದೆ, ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ತೂಕ ಸುಮಾರು 20 ಗ್ರಾಂ ಅಷ್ಟೆ” ಎಂದರು ಅಧ್ಯಾಪಕರು. ಅಮರಕೋಶದ ಖಂಜರೀಟ, ಖಂಜನ ಈ ಕುಲದ ಹಕ್ಕಿಯೇ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದರ ದರ್ಶನಫಲಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕವಿಗಳು ನಾಯಿಕೆಯ ಕಣ್ಣುಗಳನ್ನು ಇದಕ್ಕೆ ಹೋಲಿಸಿದರು.

“ಕಣ್ಣಿಗೂ ಹಕ್ಕಿಗೂ ಎಲ್ಲಿಯ ಹೋಲಿಕೆ, ಗುರುಗಳೇ?” ಎಂದು ಒಬ್ಬನು ಕೇಳಿದನು. ನಾನು ಉತ್ತರಿಸದೆ ಹಕ್ಕಿಯ ಕಡೆಗೆ ಕೈತೋರಿದೆನು. ಅದು ನಾಲ್ಕು ಹೆಜ್ಜೆ ಓಡಿತು, ನಿಂತಿತು, ಬಾಲ ಕುಣಿಸಿತು, ಚಿಮ್ಮಿ ಹುಳುವೊಂದನ್ನು ಹಿಡಿದು ಮತ್ತೆ ಓಡಿತು. ಬಹಳ ಹೊತ್ತು ನೋಡಿದ ಮೇಲೆ ಅವನು, “ಒಂದು ಕಡೆ ನಿಲ್ಲುವುದೇ ಇಲ್ಲವಲ್ಲ, ಗುರುಗಳೇ!” ಎಂದನು. ಅಲಂಕಾರಶಾಸ್ತ್ರವು ಸಾಧಾರಣಧರ್ಮವೆನ್ನುವುದು ಅವನಿಗೆ ದಕ್ಕಿತ್ತು. (ಏರಿಯ ಮೇಲೆ ಇದರದೇ ಬಂಧು, ಇಲ್ಲಿಯೇ ನೆಲಸಿರುವ ಬಿಳಿಹುಬ್ಬಿನ ಸಿಪಿಲೆಯನ್ನೂ ಕಂಡೆವು. ಕಣ್ಣಿನ ಕಪ್ಪುಬಿಳುಪಿಗೆ ಅದೇ ಹೆಚ್ಚು ಹತ್ತಿರವೆಂದು ನನ್ನ ಅಭಿಪ್ರಾಯ.)

ಊರ ಕೊಳಚೆ ಈ ಕೆರೆಗೆ ಹರಿದುಬಂದುದುಂಟು. ತಡೆಯಲು ಶ್ರಮಿಸಿದವರೂ ಉಂಟು. ದಡ ಕೆಟ್ಟು ಸಿಪಿಲೆ ಬಾರದೆ ಹೋದರೆ ಮುಂದಿನ ಪಂಡಿತನು ಆ ಹುಡುಗನ ಪ್ರಶ್ನೆಗೆ ಯಾವುದರ ಕಡೆಗೆ ಕೈತೋರಿಸಿಯಾನು?

ಮುಂದಿನ ಮಾರ್ಗಶಿರದಲ್ಲಿ ಎಂಟನೆಯ ತರಗತಿಯವರ ಸರದಿ. ಈ ಸಲ ಹನ್ನೆರಡು ಮಂದಿಗೆ ಇದ್ದುವು ಎರಡೇ ದುರ್ಬೀನುಗಳು. ಅವೂ ಅಧ್ಯಾಪಕರ ಸ್ವಂತದವು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇದನ್ನು ಗಮನಿಸಬೇಕಾಗಿ ವಿನಂತಿ.