ಕುದಿಸಿದರೂ ಹೋಗದ ವಿಷ

ನಮ್ಮ ನಾನಿ ಅರವತ್ತು ತುಂಬುವ ಮೊದಲೇ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡತೊಡಗಿದರು. ಮೊದಲು ಸುಜೂದ್ ಕಷ್ಟವಾಯಿತು, ಆಮೇಲೆ ರುಕೂ ಕೂಡ. "ವಯಸ್ಸಾಯಿತಲ್ಲ ಬೇಟಿ" ಎಂದು ಅವರೇ ನಮಗೆ ಸಮಾಧಾನ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ನೀರನ್ನು ಅನುಮಾನಿಸಲಿಲ್ಲ. ಅಮ್ಮಿ ದಿನವೂ ಬೋರ್‌ವೆಲ್ ನೀರನ್ನು ಸೋಸಿ, ಚೆನ್ನಾಗಿ ಕುದಿಸಿ, ಆರಿಸಿಯೇ ನಮಗೆ ಕೊಡುತ್ತಿದ್ದರು.

ತಮ್ಮನ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಪಾಪ, ಎಲ್ಲರಿಂದಲೂ ಬೈಸಿಕೊಂಡ. ಕೊನೆಗೆ ಬಾಯಿಗೆ ಕೈ ಅಡ್ಡ ಹಿಡಿದು ನಗುವುದೇ ಅವನ ಅಭ್ಯಾಸವಾಯಿತು. ವೈದ್ಯರ ಬಳಿ ಕರೆದೊಯ್ದಾಗ ಅವರು ಕೇಳಿದ್ದು ಎರಡೇ ಪ್ರಶ್ನೆ: "ಎಲ್ಲಿಯ ನೀರು ಕುಡಿಯುತ್ತೀರಿ? ಮನೆಯಲ್ಲಿ ಹಿರಿಯರಿಗೆ ಕೀಲುನೋವು ಇದೆಯೇ?"

ಎರಡೂ ಒಂದೇ ಕಾಯಿಲೆ, ಫ್ಲೋರೋಸಿಸ್. "ಕುದಿಸಿಯೇ ಕೊಟ್ಟಿದ್ದೆನಲ್ಲ ಡಾಕ್ಟ್ರೇ!" ಎಂದ ಅಮ್ಮಿಯ ಕಣ್ಣು ತುಂಬಿತ್ತು. ಕುದಿಸಿದರೆ ಸಾಯುವುದು ರೋಗಾಣುಗಳು ಮಾತ್ರ. ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಹೆಚ್ಚು ಹೊತ್ತು ಕುದಿಸಿ ನೀರು ಇಂಗಿದರೆ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ನಮ್ಮೂರು ಹುಲಿಕುಂಟೆ. ಕುಂಟೆಯೆಂದರೆ ಮಳೆನೀರು ನಿಲ್ಲುವ ಸಣ್ಣ ಹೊಂಡ. ಹಿಂದಿನವರು ಕೆರೆ, ಕುಂಟೆ, ತೆರೆದ ಬಾವಿಗಳ ನೀರು ಕುಡಿದರು. ಅವು ಬತ್ತಿದಾಗ ನಾವು ಬಂಡೆ ಕೊರೆದು ಆಳಕ್ಕಿಳಿದೆವು. ಗ್ರಾನೈಟ್‌ನಂಥ ಬಂಡೆಗಳಲ್ಲಿರುವ ಫ್ಲೋರೈಡ್ ಅಲ್ಲಿ ನಿಂತ ನೀರಿಗೆ ಕರಗಿ ಸೇರುತ್ತದೆ. ಪಾವಗಡ, ಶಿರಾ, ಮಧುಗಿರಿ ಕಡೆಯ ಹಳ್ಳಿಗಳ ಸಂಕಟವಿದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ.

ಮನೆಯವರು ಮಾಡಬಹುದಾದ ಕೆಲಸಗಳಿವೆ. ಮೊದಲು ನೀರನ್ನು ಪರೀಕ್ಷೆ ಮಾಡಿಸಬೇಕು. ಪಕ್ಕದ ಬೋರ್‌ವೆಲ್ ನೀರು ಚೆನ್ನಾಗಿದೆಯೆಂದು ನಮ್ಮದೂ ಹಾಗೆಯೇ ಇರಬೇಕಾಗಿಲ್ಲ. ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಫ್ಲೋರೈಡನ್ನು ತೆಗೆಯದು. ಆರ್‌ಒ ಘಟಕ ತೆಗೆಯುತ್ತದೆ, ಆದರೆ ನಿರ್ವಹಣೆ ಸರಿಯಿದ್ದರೆ ಮಾತ್ರ. ಆದ್ದರಿಂದ ಘಟಕದ ನೀರನ್ನೂ ಆಗಾಗ ಪರೀಕ್ಷಿಸಬೇಕು, ತರುವ ಕ್ಯಾನನ್ನು ತೊಳೆಯುತ್ತಿರಬೇಕು. ಶುಚಿಯಾದ ಛಾವಣಿಯಿಂದ ಹಿಡಿದು ಮುಚ್ಚಿಟ್ಟ ಮಳೆನೀರಿನಲ್ಲಿ ಫ್ಲೋರೈಡ್ ತೀರಾ ಕಡಿಮೆ. ರೋಗಾಣುಗಳಿಗಾಗಿ ಅದನ್ನು ಕುದಿಸಿ ಕುಡಿಯಬೇಕು.

ಅನೇಕರು ತಪ್ಪುವುದು ಅಡುಗೆಮನೆಯಲ್ಲಿ. ಕುಡಿಯಲು ಫಿಲ್ಟರ್ ನೀರು, ಅನ್ನ-ಮುದ್ದೆ-ಸಾರಿಗೆ ಬೋರ್ ನೀರು! ಅನ್ನವೂ ಮುದ್ದೆಯೂ ಹೀರಿಕೊಂಡ ನೀರು ಹೊಟ್ಟೆಗೇ ಹೋಗುತ್ತದೆ. ಅಡುಗೆಗೂ, ಚಹಾಕ್ಕೂ, ಮಗುವಿನ ಹಾಲಿನ ಪುಡಿಗೂ ಒಳ್ಳೆಯ ನೀರೇ ಬೇಕು. ವುಝೂ, ಸ್ನಾನ, ಬಟ್ಟೆ ಒಗೆಯಲು ಬೋರ್ ನೀರು ಸಾಕು. ಹಾಲು, ಮೊಸರು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಊಟದಲ್ಲಿರಲಿ. ಕಪ್ಪು ಉಪ್ಪನ್ನೂ ಅತಿಯಾದ ಚಹಾವನ್ನೂ ದೂರವಿಡುವುದು ಲೇಸು.

ವೈದ್ಯರು ನಾನಿಗೆ ಮೂರು ಸರಳ ಪರೀಕ್ಷೆ ಮಾಡಿಸಿದರು. ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈ ಮಡಚಿ ತಲೆಯ ಹಿಂಭಾಗ ಮುಟ್ಟುವುದು. ನಾನಿಗೆ ಒಂದೂ ಆಗಲಿಲ್ಲ. ದಿನಕ್ಕೆ ಐದು ಹೊತ್ತು ಬಾಗುವವರು ನಾವು. ಬಾಗುವುದು ಕಷ್ಟವಾದ ದಿನವೇ ಕಾರಣ ಕೇಳಬೇಕಿತ್ತು. ವಯಸ್ಸಿನ ಮೇಲೆ ಹಾಕಿ ಸುಮ್ಮನಾದೆವು. ಗಟ್ಟಿಯಾದ ಕೀಲುಗಳು ಮತ್ತೆ ಸಡಿಲವಾಗಲಿಲ್ಲ. ನಾನಿ ಕೊನೆಯವರೆಗೂ ಕುರ್ಚಿಯಲ್ಲೇ ನಮಾಝ್ ಮಾಡಿದರು.

ಹಲ್ಲಿನ ಕಲೆಯೂ ಅಷ್ಟೇ. ಅದು ಮೂಡುವುದು ಸುಮಾರು ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ. ಎಷ್ಟು ಉಜ್ಜಿದರೂ ಹೋಗದು. ಹಾಗಾಗಿ ಮಕ್ಕಳ ನೀರಿನ ವಿಷಯದಲ್ಲಿ ನಾಳೆ ನೋಡೋಣ ಎನ್ನುವಂತಿಲ್ಲ.

ಬಾಯಾರಿದವರಿಗೆ ನೀರು ಕೊಡುವುದು ಸದಕಾ ಎಂದು ನಂಬಿದವರು ನಾವು. ಕೊಡುವ ಮೊದಲು ಅದು ಯಾವ ನೀರೆಂದು ತಿಳಿದುಕೊಳ್ಳುವುದೂ ಅದರ ಭಾಗವೇ ಅಲ್ಲವೇ? ತಮ್ಮನ ಮಗಳಿಗೀಗ ಏಳು ವರ್ಷ. ಹಾಲುಹಲ್ಲು ಬಿದ್ದ ಜಾಗದಲ್ಲಿ ಬಂದ ಅವಳ ಹೊಸ ಹಲ್ಲುಗಳು ಬೆಳ್ಳಗಿವೆ. ಅವಳು ಬಾಯಿಗೆ ಕೈ ಹಿಡಿಯದೆ ನಗುತ್ತಾಳೆ.